ಮುಚ್ಚಿಟ್ಟ ಸಕ್ಕರೆ ಕಾಯಿಲೆ, ಅರ್ಧಕ್ಕೆ ನಿಂತ ಓದು

ಸುಮಾರು ಹತ್ತು ವರ್ಷದ ಹಿಂದಿನ ಮಾತು. ಮದ್ರಸದ ಬೆಳಗ್ಗಿನ ತರಗತಿ. ನಮ್ಮ ಕರಾವಳಿಯ ಮದ್ರಸಗಳು ಹೆಚ್ಚಾಗಿ ಶಾಲೆಗೆ ಮುಂಚೆ ನಡೆಯುವಂಥವು. ಆರೂವರೆ, ಏಳು ಗಂಟೆಗೆ ಬೆಲ್ ಹೊಡೆಯುವಾಗ ಮಕ್ಕಳು ಅರೆನಿದ್ದೆಯಲ್ಲೇ ಬಂದು ಕೂತಿರುತ್ತಾರೆ. ಅಂದು ಏಳನೇ ತರಗತಿಯಲ್ಲಿ ಒಬ್ಬ ಹುಡುಗ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿದ್ದ. ಕರೆದರೆ ಸರಿಯಾದ ಉತ್ತರ ಇಲ್ಲ. ಹಿಂದಿನ ದಿನ ಇದೇ ಹುಡುಗ ಒಂದೇ ತಾಸಿನಲ್ಲಿ ಮೂರು ಸಲ ಮೂತ್ರಕ್ಕೆಂದು ಎದ್ದು ಹೋಗಿದ್ದ. ಪಾಠ ತಪ್ಪಿಸುವ ಉಪಾಯ ಎಂದು ನಾವು ತಿಳಿದೆವು. ಗದರಿಸಿ ಎದ್ದು ನಿಲ್ಲಲು ಹೇಳಿದೆವು. ನಿಂತ. ಮುಖವೆಲ್ಲ ಬೆವರು, ಕೈ ನಡುಗುತ್ತಿತ್ತು. ಎರಡು ನಿಮಿಷದಲ್ಲಿ ಕುಸಿದು ಬಿದ್ದ.

ನೀರು ತನ್ನಿ ಎಂದು ನಾವು ಕೂಗುವಷ್ಟರಲ್ಲಿ ಪಕ್ಕದ ಹುಡುಗಿಯರ ತರಗತಿಯಿಂದ ಅವನ ತಂಗಿ ಓಡಿ ಬಂದಳು. ಒಂಬತ್ತು ವರ್ಷದ ಮಗು. ಅಣ್ಣನ ಬ್ಯಾಗಿನ ಒಳಗಿನ ಜೇಬಿಗೆ ಕೈ ಹಾಕಿ ಸಕ್ಕರೆಯ ಪೊಟ್ಟಣ ತೆಗೆದಳು. ಅವನಿಗೆ ಪ್ರಜ್ಞೆ ಪೂರ್ತಿ ಹೋಗಿರಲಿಲ್ಲ. ಎಬ್ಬಿಸಿ ಕೂರಿಸಿ ಬಾಯಿಗೆ ಹಾಕಿದಳು. ಕಾಲು ಗಂಟೆಯಲ್ಲಿ ಹುಡುಗ ಸರಿಯಾಗಿ ಮಾತಾಡಿದ. ಆಗ ಆ ಮಗು ಅಳುತ್ತಾ ನಮ್ಮಲ್ಲಿ ಹೇಳಿದ್ದು ಇಷ್ಟೇ: "ಉಸ್ತಾದೇ, ಅಣ್ಣನಿಗೆ ಶುಗರ್ ಉಂಟು. ಯಾರಿಗೂ ಹೇಳಬಾರದು ಅಂತ ಉಮ್ಮ ಹೇಳಿದ್ದಾರೆ. ನಾನು ಹೇಳಿದೆ ಅಂತ ಹೇಳ್ಬೇಡಿ."

ಅಂದು ಗದರಿಸಿದ ತಪ್ಪು ನಮ್ಮದೇ. ಅದಕ್ಕೆ ಆ ಹುಡುಗನಲ್ಲಿ ಮಾಫಿ ಕೇಳಿದ್ದೇವೆ. ಆದರೆ ಆ ಮನೆಯವರು ಒಂದು ಮಾತು ಮೊದಲೇ ಹೇಳಿದ್ದರೆ ನಾವು ಅವನನ್ನು ನಿಲ್ಲಿಸುತ್ತಿದ್ದೆವಾ? ಬೆಳಗ್ಗೆ ಇನ್ಸುಲಿನ್ ಚುಚ್ಚಿಸಿಕೊಂಡು, ತಡವಾಗ್ತದೆ ಎಂದು ಬರೀ ಚಾ ಕುಡಿದು ಓಡಿ ಬಂದಿದ್ದ ಹುಡುಗ ಅವನು.

ಇನ್ಸುಲಿನ್ ತೆಗೆದುಕೊಂಡು ತಿಂಡಿ ತಿನ್ನದಿದ್ದರೆ ರಕ್ತದ ಸಕ್ಕರೆ ಇಳಿಯುತ್ತದೆ, ಬೆವರು, ನಡುಕ, ಮಂಕು ಬರುತ್ತದೆ. ಸಕ್ಕರೆ ಏರಿದರೆ ಬಾಯಾರಿಕೆ, ಮತ್ತೆ ಮತ್ತೆ ಮೂತ್ರ. ಆ ಎರಡು ದಿನ ನಮ್ಮ ಕಣ್ಣೆದುರು ನಡೆದದ್ದು ಇದೇ. ನಮಗೆ ತಿಳಿಯಲಿಲ್ಲ.

ಆ ಹುಡುಗ ಈಗ ಇಪ್ಪತ್ತಮೂರರ ಯುವಕ. ಕೆಲವು ತಿಂಗಳ ಹಿಂದೆ ಒಂದು ನಿಕಾಹ್‌ನಲ್ಲಿ ಸಿಕ್ಕಿದ. ಊಟದ ನಂತರ ಚಪ್ಪರದ ಬದಿಯಲ್ಲಿ ಕೂತು ತುಂಬ ಹೊತ್ತು ಮಾತಾಡಿದ. ಎಸೆಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದವ. ಪಿಯುಸಿಗೆ ಸಾಯನ್ಸ್ ತೆಗೆದುಕೊಂಡ. ಕಾಲೇಜಿನಲ್ಲಿ ಮಧ್ಯಾಹ್ನದ ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಬೇಕು. ಎಲ್ಲಿ ಚುಚ್ಚುವುದು? ಗೆಳೆಯರು ನೋಡಿದರೆ ಊರಿಗೆಲ್ಲ ಗೊತ್ತಾಗ್ತದೆ. ಕೆಲವು ದಿನ ಶೌಚಾಲಯದಲ್ಲಿ ಬಾಗಿಲು ಹಾಕಿ ಚುಚ್ಚಿದ. ಆಮೇಲೆ ಮಧ್ಯಾಹ್ನದ್ದನ್ನು ಬಿಟ್ಟೇ ಬಿಟ್ಟ. ಕಣ್ಣು ಮಂಜಾಗಿ ಬೋರ್ಡ್ ಕಾಣುತ್ತಿರಲಿಲ್ಲ, ಓದಿದ್ದು ತಲೆಗೆ ಹತ್ತುತ್ತಿರಲಿಲ್ಲ. ದ್ವಿತೀಯ ಪಿಯುಸಿ ಪರೀಕ್ಷೆಯ ವಾರದಲ್ಲೇ ವಾಂತಿ, ಏದುಸಿರು. ಐಸಿಯುನಲ್ಲಿ ನಾಲ್ಕು ದಿನ. ಪರೀಕ್ಷೆ ಹೋಯಿತು. ಕಾಲೇಜಿನಲ್ಲಿ ಕೇಳಿದ್ದಕ್ಕೆ ಉಪ್ಪ "ಜ್ವರ" ಎಂದರು. ಮತ್ತೆ ಪುಸ್ತಕ ತೆರೆಯಲಿಲ್ಲ. ಈಗ ಸಂಬಂಧಿಕರ ಫ್ಯಾನ್ಸಿ ಅಂಗಡಿಯಲ್ಲಿ ಕೆಲಸ.

"ಕಾಯಿಲೆಯಿಂದ ನನ್ನ ಓದು ನಿಂತದ್ದಲ್ಲ ಉಸ್ತಾದ್. ಅಡಗಿಸಿದ್ದರಿಂದ ನಿಂತದ್ದು" ಎಂದ ಅವನು.

ಈ ಲೇಖನ ಬರೆಯಲು ಆ ಮಾತೇ ಕಾರಣ. ನಾವು ವೈದ್ಯರಲ್ಲ. ಪಿಯುಸಿ ಮುಗಿಸಿ ದರ್ಸ್‌ಗೆ ಹೋದವರು. ವೈದ್ಯರಲ್ಲಿ ಕೇಳಿ ತಿಳಿದದ್ದು, ಓದಿದ್ದು, ಇಪ್ಪತ್ತು ವರ್ಷದ ಮಕ್ಕಳ ಒಡನಾಟದಲ್ಲಿ ಕಂಡದ್ದು, ಇಷ್ಟನ್ನೇ ಬರೆಯುತ್ತಿದ್ದೇವೆ.

ಇದು ಯಾರ ತಪ್ಪೂ ಅಲ್ಲ

ಮೊದಲು ಒಂದು ತಪ್ಪು ತಿಳುವಳಿಕೆ ಹೋಗಬೇಕು. ಮಕ್ಕಳಲ್ಲಿ, ಹದಿಹರೆಯದವರಲ್ಲಿ ಹೆಚ್ಚಾಗಿ ಬರುವುದು ಟೈಪ್ 1 ಎಂಬ ಬಗೆ. ರೋಗವನ್ನು ಎದುರಿಸಬೇಕಾದ ದೇಹದ ರಕ್ಷಣಾ ಶಕ್ತಿಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕಣಗಳನ್ನು ನಾಶ ಮಾಡುತ್ತದೆ. ಮಿಠಾಯಿ ತಿಂದದ್ದರಿಂದ ಬರುವುದಲ್ಲ, ಉಮ್ಮ ಬಸುರಿಯಾಗಿದ್ದಾಗ ಏನೋ ತಿಂದದ್ದರಿಂದಲೂ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಇದಕ್ಕೆ ಮಾತ್ರೆ ಸಾಕಾಗುವುದಿಲ್ಲ, ಇನ್ಸುಲಿನ್ ಬೇಕೇ ಬೇಕು.

ಟೈಪ್ 2 ಬೇರೆ. ಇನ್ಸುಲಿನ್ ಇದ್ದರೂ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಒಂದು ಕಾಲಕ್ಕೆ ಇದು ನಲ್ವತ್ತು ದಾಟಿದವರ ಕಾಯಿಲೆಯಾಗಿತ್ತು. ಈಗ ಇಪ್ಪತ್ತೈದರ ಹುಡುಗರಿಗೂ ಬರುತ್ತಿದೆ. ರಾತ್ರಿ ಹನ್ನೊಂದಕ್ಕೆ ಪರೋಟ, ಅದರ ಮೇಲೆ ಕೂಲ್‌ಡ್ರಿಂಕ್ಸ್, ಎರಡು ಗಂಟೆವರೆಗೆ ಮೊಬೈಲ್, ಸುಬಹಿಗೆ ಏಳಲಾಗದ ನಿದ್ದೆ. ಇದು ಯಾವ ಮನೆಯ ಕಥೆ ಎಂದು ಹೇಳಬೇಕಾಗಿಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ನೆರವಿನ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಉಂಟು. ಸರಕಾರದ ಸಾಮೂಹಿಕ ತಪಾಸಣೆ ಕಾರ್ಯಕ್ರಮ ಮೂವತ್ತು ವರ್ಷ ದಾಟಿದವರಿಗಾಗಿ ಇರುವುದು. ಆದ್ದರಿಂದ ಇಪ್ಪತ್ತರ ಹುಡುಗನನ್ನು ಯಾರೂ ಕರೆದು ಪರೀಕ್ಷೆ ಮಾಡುವುದಿಲ್ಲ. ಮನೆಯವರೇ ಮಾಡಿಸಬೇಕು.

ಇನ್ನೊಂದು ವಿಷಯ ನಮ್ಮ ಮಕ್ಕಳು ತಿಳಿದಿರಬೇಕು. ನೂರು ವರ್ಷದ ಹಿಂದೆ ಟೈಪ್ 1 ಬಂದ ಮಕ್ಕಳು ಹೆಚ್ಚೆಂದರೆ ಕೆಲವೇ ವರ್ಷ ಬದುಕುತ್ತಿದ್ದರು. 1921ರಲ್ಲಿ ಕೆನಡಾದ ಟೊರೊಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಇನ್ಸುಲಿನ್ ಬೇರ್ಪಡಿಸಿದರು. 1922ರ ಜನವರಿಯಲ್ಲಿ ಅದನ್ನು ಮೊದಲು ಪಡೆದ ರೋಗಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗ. ಬ್ಯಾಂಟಿಂಗ್ ಹುಟ್ಟಿದ ನವೆಂಬರ್ 14 ಈಗ ವಿಶ್ವ ಮಧುಮೇಹ ದಿನ. ಆ ಮದ್ದು ಇದ್ದುದರಿಂದಲೇ ನಮ್ಮ ಹುಡುಗ ಇಪ್ಪತ್ತಮೂರಕ್ಕೆ ಬಂದು, ಮುಂದೆ ಯಾವ ಕೆಲಸ ಮಾಡಲಿ ಎಂದು ಕೇಳುತ್ತಿದ್ದಾನೆ. ಇಂಥ ಅನುಗ್ರಹವನ್ನು ಶೌಚಾಲಯದಲ್ಲಿ ಅಡಗಿ ಚುಚ್ಚಿಕೊಳ್ಳಬೇಕಾ?

ಶಾಲೆ, ಕಾಲೇಜು, ಪರೀಕ್ಷೆ

ಟೈಪ್ 1 ಇರುವ ಮಕ್ಕಳಿಗೆ ಶಾಲೆಯಲ್ಲಿ ಸಕ್ಕರೆ ಪರೀಕ್ಷೆ ಮಾಡಿಕೊಳ್ಳಲು, ಇನ್ಸುಲಿನ್ ಚುಚ್ಚಿಕೊಳ್ಳಲು, ನಡುವೆ ಏನಾದರೂ ತಿನ್ನಲು ಬಿಡಬೇಕು ಎಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು 2023ರಲ್ಲಿ ರಾಜ್ಯಗಳಿಗೆ ಪತ್ರ ಬರೆದಿದೆ. ಸಿಬಿಎಸ್‌ಇ ಮಂಡಳಿ 2017ರಲ್ಲೇ ಇಂಥ ಮಕ್ಕಳಿಗೆ ಬೋರ್ಡ್ ಪರೀಕ್ಷೆಯ ಕೊಠಡಿಗೆ ಸಕ್ಕರೆ ಮಾತ್ರೆ, ಬಾಳೆಹಣ್ಣು, ನೀರಿನ ಬಾಟಲಿ ತರಲು ಅನುಮತಿ ಕೊಟ್ಟಿತು. ಜೆಇಇ ಮೈನ್ ಪರೀಕ್ಷೆಯ ಮಾಹಿತಿ ಪುಸ್ತಿಕೆಯಲ್ಲೂ ಸಕ್ಕರೆ ಕಾಯಿಲೆ ಇರುವವರು ಸಕ್ಕರೆ ಮಾತ್ರೆ, ಹಣ್ಣು, ಪಾರದರ್ಶಕ ಬಾಟಲಿಯಲ್ಲಿ ನೀರು ತರಬಹುದು ಎಂದಿದೆ. ಚಾಕಲೇಟ್, ಸ್ಯಾಂಡ್‌ವಿಚ್‌ನಂಥ ಪ್ಯಾಕೆಟ್ ತಿಂಡಿಗೆ ಅಲ್ಲಿ ಅವಕಾಶವಿಲ್ಲ. ಬೇರೆ ಯಾವ ಪರೀಕ್ಷೆಗೆ ಅರ್ಜಿ ಹಾಕಿದರೂ ಆ ವರ್ಷದ ಪುಸ್ತಿಕೆಯನ್ನು ಮೊದಲೇ ಓದಬೇಕು.

ಎಸೆಸೆಲ್ಸಿ, ಪಿಯುಸಿ ಮಕ್ಕಳ ಪೋಷಕರು ಮಾಡಬೇಕಾದ ಕೆಲಸ ಸುಲಭದ್ದು. ವರ್ಷದ ಶುರುವಿಗೇ ವೈದ್ಯರಿಂದ ಒಂದು ಪತ್ರ ಬರೆಸಿ ಮುಖ್ಯೋಪಾಧ್ಯಾಯರಿಗೆ ಅಥವಾ ಪ್ರಾಂಶುಪಾಲರಿಗೆ ಕೊಡಿ. ಕಾಯಿಲೆ ಏನು, ಇನ್ಸುಲಿನ್ ಯಾವಾಗ, ಸಕ್ಕರೆ ಇಳಿದರೆ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು, ಇಷ್ಟು ಅದರಲ್ಲಿರಲಿ. ಪರೀಕ್ಷಾ ಕೇಂದ್ರ ಬೇರೆ ಶಾಲೆಯಾದರೆ ಒಂದು ವಾರ ಮುಂಚೆಯೇ ಅಲ್ಲಿಯೂ ತಿಳಿಸಿ. ಪರೀಕ್ಷೆಯ ದಿನ ಗೇಟಿನ ಬಳಿ ನಿಂತು ವಾದ ಮಾಡಿದರೆ ಮಗುವಿನ ಮನಸ್ಸು ಕೆಡುವುದಲ್ಲದೆ ಬೇರೇನೂ ಸಿಗುವುದಿಲ್ಲ.

ಇಲ್ಲಿ ಒಂದು ಸತ್ಯವನ್ನೂ ಹೇಳಬೇಕು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿಯಿದೆ. ಥಲಸ್ಸೀಮಿಯಾ, ಹಿಮೊಫಿಲಿಯಾ ಅದರಲ್ಲುಂಟು, ಸಕ್ಕರೆ ಕಾಯಿಲೆ ಇಲ್ಲ. ಆದ್ದರಿಂದ ಇದರ ಹೆಸರಲ್ಲಿ ಸೀಟು, ಮೀಸಲಾತಿ ಸಿಗ್ತದೆ ಎಂದು ಯಾರಾದರೂ ಹಣ ಕೇಳಿದರೆ ನಂಬಬೇಡಿ. ನಮ್ಮ ಮಕ್ಕಳು ಎಲ್ಲರ ಜತೆ ಸಮಾನವಾಗಿ ಬರೆದೇ ಗೆಲ್ಲಬೇಕು. ಅವರಿಗೆ ಬೇಕಾಗಿರುವುದು ಹತ್ತು ನಿಮಿಷದ ಬಿಡುವು, ಒಂದು ಬಾಳೆಹಣ್ಣು, ವಿಷಯ ತಿಳಿದ ಒಬ್ಬ ಅಧ್ಯಾಪಕ.

ಹಣದ ಮಾತು ಬಂದರೆ, ಇನ್ಸುಲಿನ್, ಸೂಜಿ, ಪರೀಕ್ಷಾ ಪಟ್ಟಿ ಎಲ್ಲ ಸೇರಿ ತಿಂಗಳಿಗೆ ಸಾವಿರಾರು ರೂಪಾಯಿ ಆಗುವ ಮನೆಗಳುಂಟು. "ಇವನ ಮದ್ದಿಗೇ ಇಷ್ಟಾಗ್ತದೆ, ಇನ್ನು ಕಾಲೇಜಿಗೆ ಎಲ್ಲಿಂದ" ಎಂದು ಓದು ನಿಲ್ಲಿಸುತ್ತಾರೆ. ನಿಲ್ಲಿಸುವ ಮೊದಲು ವಿಚಾರಿಸಿ. ವೃತ್ತಿಪರ ಕೋರ್ಸಿಗೆ ರಾಜ್ಯ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಉಂಟು. ಮಾತ್ರೆಗಳು ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಮಂಗಳೂರಿನ ವೆನ್‌ಲಾಕ್ ನಮ್ಮ ಜಿಲ್ಲಾಸ್ಪತ್ರೆ, ಅಲ್ಲಿಗೆ ಹೋಗುವುದಕ್ಕೆ ನಾಚಿಕೆ ಯಾಕೆ? ಕೆಲಸಕ್ಕೆ ಸೇರಿದ ಮೇಲೂ ಮದ್ದಿನ ಖರ್ಚು ಇದ್ದೇ ಇರ್ತದೆ. ಹಾಗಾಗಿ ಉಳಿದವರಿಗಿಂತ ಈ ಮಕ್ಕಳಿಗೇ ಒಳ್ಳೆಯ ಓದು, ಒಳ್ಳೆಯ ಸಂಬಳ ಹೆಚ್ಚು ಅಗತ್ಯ.

ಯಾವ ಕೆಲಸ, ಯಾವ ದಾರಿ

ಎಲ್ಲ ಬಾಗಿಲೂ ತೆರೆದಿದೆ ಎಂದು ಸುಳ್ಳು ಹೇಳುವುದಿಲ್ಲ. ಸೇನೆ, ವಿಮಾನ ಚಾಲನೆ, ರೈಲು ಚಾಲನೆಯಂಥ ಹುದ್ದೆಗಳಲ್ಲಿ ವೈದ್ಯಕೀಯ ನಿಯಮ ಬಹಳ ಕಟ್ಟುನಿಟ್ಟು. ಇನ್ಸುಲಿನ್ ಮೇಲಿರುವವರು ಅದಕ್ಕಾಗಿ ನಾಲ್ಕೈದು ವರ್ಷ ತಯಾರಿ ಮಾಡಿ ಕೊನೆಗೆ ಮೆಡಿಕಲ್‌ನಲ್ಲಿ ನಿರಾಸೆಗೊಳ್ಳುವ ಮೊದಲು ನಿಯಮ ಓದಬೇಕು. ಊಟದ ಹೊತ್ತು ತಪ್ಪುವ ಕೆಲಸಗಳೂ ಕಷ್ಟವೇ. ಬಂದರಿನಿಂದ ಹತ್ತು ದಿನಕ್ಕೆಂದು ಆಳಸಮುದ್ರಕ್ಕೆ ಹೋಗುವ ಬೋಟ್, ಎತ್ತರದಲ್ಲಿ ನಿಂತು ಮಾಡುವ ಸೆಂಟ್ರಿಂಗ್, ರಾತ್ರಿಯಿಡೀ ಓಡಿಸುವ ಲಾರಿ. ವಾಹನ ಓಡಿಸಲೇಬಾರದು ಎಂದಲ್ಲ. ಆದರೆ ಲೈಸನ್ಸಿನ ಅರ್ಜಿಯಲ್ಲಿ, ಹಠಾತ್ತಾಗಿ ಪ್ರಜ್ಞೆ ತಪ್ಪುವುದು, ತಲೆಸುತ್ತು ಬರುವುದು ಉಂಟಾ ಎಂಬ ಪ್ರಶ್ನೆ ಇದೆ. ಅದಕ್ಕೆ ನಿಜ ಬರೆಯಬೇಕು. ಸ್ಟಿಯರಿಂಗ್ ಹಿಡಿಯುವ ಮೊದಲು ಸಕ್ಕರೆ ನೋಡಿಕೊಳ್ಳಬೇಕು, ಕೈಗೆಟುಕುವಲ್ಲಿ ಸಿಹಿ ಇಟ್ಟುಕೊಳ್ಳಬೇಕು.

ಉಳಿದದ್ದು ನೋಡಿ. ಅಕೌಂಟ್ಸ್, ಸಿಎ, ಶಿಕ್ಷಕ ವೃತ್ತಿ, ಫಾರ್ಮಸಿ, ಲ್ಯಾಬ್ ಟೆಕ್ನೀಶಿಯನ್, ಕಂಪ್ಯೂಟರ್, ವಕೀಲಿ, ಬ್ಯಾಂಕ್, ಪತ್ರಿಕೆ, ಸ್ವಂತ ವ್ಯಾಪಾರ. ಈ ಎಲ್ಲ ಕೆಲಸಗಳಲ್ಲಿ ಶುಗರ್ ಇರುವವರು ದುಡಿಯುತ್ತಿದ್ದಾರೆ, ನಿಮ್ಮ ಪಕ್ಕದಲ್ಲೇ ಇದ್ದಾರೆ. ಅವರೂ ಹೇಳುವುದಿಲ್ಲ, ಹಾಗಾಗಿ ನಮ್ಮ ಹುಡುಗರಿಗೆ ದಾರಿ ತೋರಿಸುವವರು ಕಾಣುವುದಿಲ್ಲ. ಕಾಯಿಲೆ ಇದ್ದೂ ದುಡಿದು ಮನೆ ಕಟ್ಟಿದ ಹಿರಿಯರು ಒಂದು ಸಲ ಬಾಯಿ ಬಿಟ್ಟರೆ ಹತ್ತು ಹುಡುಗರಿಗೆ ಧೈರ್ಯ ಬರ್ತದೆ.

ಕ್ರಿಕೆಟ್ ನೋಡುವ ಹುಡುಗರಿಗೆ ನಾವು ವಸೀಂ ಅಕ್ರಂ ಅವರ ವಿಷಯ ಹೇಳುವುದುಂಟು. ಪಾಕಿಸ್ತಾನದ ಆ ಎಡಗೈ ವೇಗಿಗೆ 1997ರಲ್ಲಿ ಟೈಪ್ 1 ಕಾಯಿಲೆ ಪತ್ತೆಯಾಯಿತು. ಆಡುವುದು ಬಿಡಲಿಲ್ಲ. ಇನ್ಸುಲಿನ್ ತೆಗೆದುಕೊಳ್ಳುತ್ತಲೇ ಆಡಿ 2003ರ ವಿಶ್ವಕಪ್‌ನಲ್ಲಿ ಏಕದಿನ ಪಂದ್ಯಗಳ 500ನೇ ವಿಕೆಟ್ ತೆಗೆದರು. ಅಷ್ಟು ವಿಕೆಟ್ ಪಡೆದ ಮೊದಲಿಗರು ಅವರೇ. ಕಾಯಿಲೆಯ ಬಗ್ಗೆ ಬಹಿರಂಗವಾಗಿಯೇ ಮಾತಾಡಿದರು.

ಗಲ್ಫ್ ಮೆಡಿಕಲ್ ಎಂಬ ಭಯ

ನಮ್ಮ ಮನೆಗಳಲ್ಲಿ ಕಾಯಿಲೆ ಮುಚ್ಚಿಡುವುದಕ್ಕೆ ದೊಡ್ಡ ಕಾರಣ ಗಲ್ಫ್. "ಮೆಡಿಕಲ್‌ನಲ್ಲಿ ಔಟ್ ಆಗ್ತಾನೆ" ಎಂಬ ಹೆದರಿಕೆ. ವೀಸಾ ಮೆಡಿಕಲ್‌ನಲ್ಲಿ ರಕ್ತದ ಸಕ್ಕರೆ ನೋಡುವುದು ನಿಜ. ಆದರೆ ಅವರ ಅನರ್ಹತೆಯ ಪಟ್ಟಿಯಲ್ಲಿ ಹೇಳಿರುವುದು ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯ ಬಗ್ಗೆ. ಆ ವ್ಯತ್ಯಾಸ ಬಹಳ ದೊಡ್ಡದು. ವರ್ಷವಿಡೀ ಸರಿಯಾಗಿ ಮದ್ದು ಮಾಡಿ, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಒಳ್ಳೆಯ ಫಲಿತಾಂಶ ಇರುವವನಿಗೂ, ಮೆಡಿಕಲ್‌ನ ಹಿಂದಿನ ಎರಡು ದಿನ ಹೊಟ್ಟೆಗಿಲ್ಲದೆ ಕೂತು ಯಾರದ್ದೋ ಮಾತ್ರೆ ನುಂಗಿ ಹೋಗುವವನಿಗೂ ಹೋಲಿಕೆಯೇ ಇಲ್ಲ.

ಹಾಗೆ ಉಪಾಯ ಮಾಡಿ ಪಾಸಾದ ಒಬ್ಬ ಹುಡುಗನನ್ನು ನಾವು ಬಲ್ಲೆವು. ಒಂದು ರೂಮಿನಲ್ಲಿ ಎಂಟು ಜನ. ಇನ್ಸುಲಿನ್ ಇಡಲು ಎಲ್ಲರ ಫ್ರಿಜ್. ಅಲ್ಲಿಟ್ಟರೆ ಎಲ್ಲರಿಗೂ ಗೊತ್ತಾಗ್ತದೆ, ಕಂಪೆನಿಗೆ ಸುದ್ದಿ ಹೋಗ್ತದೆ ಎಂದು ಪೆಟ್ಟಿಗೆಯಲ್ಲೇ ಬಟ್ಟೆಯಡಿ ಇಟ್ಟ. ಆ ಸೆಕೆಯಲ್ಲಿ ಮದ್ದು ಕೆಟ್ಟಿತು. ಚುಚ್ಚುತ್ತಿದ್ದರೂ ಸಕ್ಕರೆ ಇಳಿಯಲಿಲ್ಲ. ಎಂಟೇ ತಿಂಗಳಲ್ಲಿ ಕಾಲಿನ ಹುಣ್ಣಿನೊಂದಿಗೆ ವಾಪಸ್ ಬಂದ. ವೀಸಾಕ್ಕೆ ಮಾಡಿದ ಸಾಲ ಇನ್ನೂ ತೀರಿಲ್ಲ.

ಹೋಗಬೇಕೆಂದಿರುವವರು ಹೋಗಲಿ, ತಯಾರಿ ಮಾಡಿ ಹೋಗಲಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು, ಫ್ರೀಜರ್‌ನಲ್ಲಿ ಇಡಬಾರದು. ವಿಮಾನದಲ್ಲಿ ಅದು ಕೈಚೀಲದಲ್ಲೇ ಇರಲಿ, ಜತೆಗೆ ವೈದ್ಯರ ಚೀಟಿ ಮತ್ತು ಪತ್ರ ಇರಲಿ. ವಿಮೆಯ ಅರ್ಜಿಯಲ್ಲಿ ಇರುವ ಕಾಯಿಲೆ ಹೇಳದಿದ್ದರೆ ಆಮೇಲೆ ಆಸ್ಪತ್ರೆ ಬಿಲ್ ನಿಮ್ಮ ತಲೆಗೇ ಬರಬಹುದು. ಕೆಲಸ ಯಾವುದು ಎಂದೂ ನೋಡಿ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಎಂಬ ನಿಯಮವೇ ಇದೆ. ಆರೋಗ್ಯವಂತರಿಗೇ ಅಂಥ ಬಿಸಿಲಾದರೆ ಇನ್ಸುಲಿನ್ ಮೇಲಿರುವವರ ಗತಿಯೇನು? ಡಿಗ್ರಿ ಮುಗಿಸಿ, ಒಂದು ಕಸುಬು ಕಲಿತು, ಒಳಗೆ ಕೂತು ಮಾಡುವ ಕೆಲಸಕ್ಕೆ ಹೋಗುವುದೇ ಮೇಲು. ಓದು ಬಿಡಿಸಿ ಬೇಗ ಗಲ್ಫಿಗೆ ಕಳಿಸುವ ನಮ್ಮ ಹಳೆ ಅಭ್ಯಾಸ ಈ ಮಕ್ಕಳಿಗೆ ಎಲ್ಲರಿಗಿಂತ ಹೆಚ್ಚು ಅಪಾಯ.

ಹೆಣ್ಣುಮಕ್ಕಳ ಬಾಯಿಗೆ ಬೀಗ

ಹುಡುಗನಿಗೆ ಗಲ್ಫ್‌ನ ಭಯವಾದರೆ ಹುಡುಗಿಗೆ ಮದುವೆಯ ಭಯ. ಮಗಳಿಗೆ ಶುಗರ್ ಉಂಟು ಎಂದು ಗೊತ್ತಾದರೆ ಸಂಬಂಧ ಬರುವುದಿಲ್ಲ ಎಂದು ಉಮ್ಮಂದಿರು ಬಾಯಿ ಮುಚ್ಚಿಸುತ್ತಾರೆ. ಹಾಸ್ಟೆಲಿಗೆ ಕಳಿಸುವುದಿಲ್ಲ, ಯಾಕೆಂದರೆ ರೂಮಿನವರಿಗೆ ಗೊತ್ತಾಗ್ತದೆ. ದೂರದ ಕಾಲೇಜು ಬೇಡ, ಯಾಕೆಂದರೆ ದಾರಿಯಲ್ಲಿ ಏನಾದರೂ ಆದರೆ. ಹೀಗೆ ಒಳ್ಳೆಯ ಅಂಕ ಬಂದ ಹುಡುಗಿಯರು ಮನೆಯಲ್ಲಿ ಕೂತದ್ದನ್ನು ನಾವು ಕಂಡಿದ್ದೇವೆ. ಆಮೇಲೆ ಮುಚ್ಚಿಟ್ಟೇ ಮದುವೆ. ಗಂಡನ ಮನೆಯಲ್ಲಿ ಇನ್ಸುಲಿನ್ ಎಲ್ಲಿಡುವುದು? ಬಸುರಿಯಾದಾಗ ಏನು ಮಾಡುವುದು? ಆ ಹೊತ್ತಲ್ಲಿ ಸಕ್ಕರೆ ಹತೋಟಿ ತಪ್ಪಿದರೆ ತಾಯಿ, ಮಗು ಇಬ್ಬರಿಗೂ ಅಪಾಯ. ಹತೋಟಿಯಲ್ಲಿಟ್ಟುಕೊಂಡು ಆರೋಗ್ಯವಂತ ಮಕ್ಕಳನ್ನು ಹೆತ್ತ ತಾಯಂದಿರು ಎಷ್ಟೋ ಮಂದಿ ಇದ್ದಾರೆ, ಆದರೆ ಅದಕ್ಕೆ ಮನೆಯವರಿಗೆಲ್ಲ ವಿಷಯ ಗೊತ್ತಿರಬೇಕು.

ನಿಕಾಹ್‌ಗೆ ಮುಂಚೆ ಎರಡೂ ಕಡೆಯವರು ಇದ್ದದ್ದನ್ನು ಹೇಳಬೇಕು. ವ್ಯಾಪಾರದಲ್ಲೇ ಸರಕಿನ ಕುಂದು ಮುಚ್ಚಿಡಬಾರದು ಎಂದು ನಾವು ಮದ್ರಸದಲ್ಲಿ ಪಾಠ ಮಾಡುತ್ತೇವೆ. ಬದುಕಿನ ಒಪ್ಪಂದದಲ್ಲಿ ಮುಚ್ಚಿಡಬಹುದಾ? ಕಾಯಿಲೆ ಒಂದು ಕಳಂಕವಲ್ಲ, ಮುಚ್ಚಿಟ್ಟು ಮೋಸ ಮಾಡುವುದೇ ಕಳಂಕ. ಇನ್ನು, ಓದಿ ತನ್ನ ಕಾಲ ಮೇಲೆ ನಿಂತ ಹುಡುಗಿಗೆ ತನ್ನ ಮದ್ದಿನ ಹಣಕ್ಕೆ ಯಾರ ಮುಖ ನೋಡಬೇಕಾಗಿಲ್ಲ. ಈ ಕಾರಣಕ್ಕಾದರೂ ಅವಳ ಓದು ನಿಲ್ಲಿಸಬೇಡಿ.

ಊದಿದ ನೀರು ಮತ್ತು ಇನ್ಸುಲಿನ್

ಈಗ ನಮ್ಮದೇ ಕಡೆಯ ಮಾತು. ಉಸ್ತಾದರ ಬಳಿ ನೀರು ಊದಿಸಲು ಜನ ಬರುತ್ತಾರೆ. ನಾವೂ ದುಆ ಮಾಡಿ ಊದಿ ಕೊಡುತ್ತೇವೆ. ಆದರೆ ನೀರು ಕೊಂಡುಹೋಗಿ ಇನ್ಸುಲಿನ್ ನಿಲ್ಲಿಸಿದರೆ ಅದಕ್ಕೆ ನಾವು ಹೊಣೆಯಲ್ಲ ಎಂದು ಸುಮ್ಮನಿರುವಂತಿಲ್ಲ. ಹಾಗಾಗಿ ಈಗ ನಾವು ಮೊದಲು ಕೇಳುವುದು, "ಮದ್ದು ಸರಿಯಾಗಿ ತೆಗೀತಾ ಇದ್ದಾನಾ?" ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡು ಎಂಬ ಪ್ರವಾದಿವಚನದ ಪಾಠವನ್ನು ಎಲ್ಲ ಮಕ್ಕಳಿಗೂ ಕಲಿಸುವ ನಾವು ಇಲ್ಲಿ ಅದನ್ನು ಮರೆಯಬಾರದು. ಟೈಪ್ 1 ಇರುವವರು ಇನ್ಸುಲಿನ್ ಬಿಟ್ಟರೆ ದಿನಗಳಲ್ಲೇ ಜೀವಕ್ಕೆ ಅಪಾಯ. ಬೇರು, ಕಷಾಯ, ಪುಡಿ ಕೊಟ್ಟು ಇನ್ಸುಲಿನ್ ಬಿಡಿಸುತ್ತೇವೆ ಎನ್ನುವವರನ್ನು ಹೊಸ್ತಿಲು ದಾಟಿಸಬೇಡಿ.

ಉಪವಾಸದ ಪ್ರಶ್ನೆಯೂ ಓದಿಗೆ ಸಂಬಂಧಿಸಿದ್ದೇ. ಈಚಿನ ವರ್ಷಗಳಲ್ಲಿ ರಮಝಾನ್ ಮತ್ತು ವಾರ್ಷಿಕ ಪರೀಕ್ಷೆ ಒಟ್ಟಿಗೇ ಬಂದದ್ದನ್ನು ಕಂಡಿದ್ದೇವೆ. ಇನ್ಸುಲಿನ್ ಮೇಲಿರುವ ಮಗು ಹಟ ಮಾಡಿ ಉಪವಾಸ ಹಿಡಿದು ಪರೀಕ್ಷೆ ಬರೆಯಲು ಹೋಗುತ್ತದೆ, "ಎಲ್ಲರೂ ಹಿಡಿದಿದ್ದಾರೆ" ಎಂದು. ರೋಗಿಗೆ ರಿಯಾಯಿತಿ ಕೊಟ್ಟದ್ದು ಖುರ್‌ಆನ್. ಅದನ್ನು ಪಡೆಯುವುದರಲ್ಲಿ ನಾಚಿಕೆಯಿಲ್ಲ. ನಿತ್ಯ ಕಾಯಿಲೆಯವರಿಗೆ ಫಿದ್ಯಾದ ದಾರಿಯುಂಟು. ಹಿಡಿಯಬಹುದಾ ಎಂದು ರಮಝಾನ್‌ಗೆ ಒಂದೆರಡು ತಿಂಗಳ ಮುಂಚೆಯೇ ವೈದ್ಯರಲ್ಲಿ ಕೇಳಬೇಕು. ಬೆರಳು ಚುಚ್ಚಿ ರಕ್ತ ನೋಡಿದರೆ, ಇನ್ಸುಲಿನ್ ಚುಚ್ಚಿಸಿಕೊಂಡರೆ ಉಪವಾಸ ಮುರಿಯುವುದಿಲ್ಲ ಎಂದೇ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಸಕ್ಕರೆ 70ಕ್ಕಿಂತ ಇಳಿದರೆ ಸಮಯ ನೋಡದೆ ಆ ಕ್ಷಣವೇ ಬಿಡಬೇಕು.

ಜಮಾಅತ್ ಏನು ಮಾಡಬಹುದು

ದೊಡ್ಡ ಕಟ್ಟಡ, ದೊಡ್ಡ ಸಭೆ ಬೇಡ. ಮೊದಲನೆಯದು, ಮದ್ರಸದ ಪ್ರವೇಶ ಫಾರ್ಮಿನಲ್ಲಿ ಮಗುವಿನ ಕಾಯಿಲೆಗೆ ಒಂದು ಕಲಂ. ಆ ವಿಷಯ ಉಸ್ತಾದರಲ್ಲಿ ಅಮಾನತ್ತಾಗಿರಬೇಕು, ಅಂಗಡಿ ಜಗಲಿಗೆ ಬರಬಾರದು. ಎರಡನೆಯದು, ಆಫೀಸಿನ ಕಪಾಟಿನಲ್ಲಿ ಒಂದು ಡಬ್ಬಿ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ. ಬೆವರಿ, ನಡುಗಿ, ತಬ್ಬಿಬ್ಬಾದ ಮಗುವಿಗೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು, ಸರಿಯಾಗದಿದ್ದರೆ ಇನ್ನೊಮ್ಮೆ ಕೊಡಬೇಕು. ಪ್ರಜ್ಞೆ ಪೂರ್ತಿ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ, ಒಂದು ಮಗ್ಗುಲಿಗೆ ಮಲಗಿಸಿ, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಇಷ್ಟು ಎಲ್ಲ ಉಸ್ತಾದರಿಗೂ ತಿಳಿದಿರಬೇಕು. ಮೂರನೆಯದು, ಬೆಳಗ್ಗಿನ ತರಗತಿಗೆ ಇಂಥ ಮಕ್ಕಳು ತಿಂಡಿ ತಿಂದು ಹತ್ತು ನಿಮಿಷ ತಡವಾಗಿ ಬಂದರೆ ಬಾಗಿಲಲ್ಲಿ ನಿಲ್ಲಿಸಬಾರದು.

ನಾಲ್ಕನೆಯದು, ಬಡ ಮನೆಯ ಮಗುವಿನ ಇನ್ಸುಲಿನ್ ಮತ್ತು ಕಾಲೇಜು ಫೀಸು. ಅರ್ಹರಾದವರಿಗೆ ಝಕಾತಿನಿಂದ ಇದನ್ನು ಸದ್ದಿಲ್ಲದೆ ಮಾಡಬಹುದು. ಹೊಲಿಗೆ ಯಂತ್ರ ಹಂಚಿ ಫೋಟೊ ಹಾಕುವ ನಮ್ಮ ಸಂಘಟನೆಗಳು ಇದನ್ನೊಮ್ಮೆ ಫೋಟೊ ಇಲ್ಲದೆ ಮಾಡಲಿ. ಐದನೆಯದು, ವರ್ಷಕ್ಕೊಮ್ಮೆ ನಡೆಸುವ ಶಿಬಿರದಲ್ಲಿ ಹದಿನೆಂಟು ದಾಟಿದ ಹುಡುಗರ ಸಕ್ಕರೆಯನ್ನೂ ನೋಡಿಸುವುದು. ಮುದುಕರನ್ನು ಮಾತ್ರ ಸಾಲಲ್ಲಿ ನಿಲ್ಲಿಸಿದರೆ ಸಾಲದು.

ನಮ್ಮ ಮದ್ರಸದ ಫಾರ್ಮಿಗೆ ಆ ಕಲಂ ಸೇರಿ ಈಗ ಕೆಲವು ವರ್ಷವಾಯಿತು. ಮೊದಲ ವರ್ಷ ಯಾರೂ ಏನೂ ಬರೆಯಲಿಲ್ಲ. ಎರಡನೇ ವರ್ಷ ಒಬ್ಬ ಉಮ್ಮ ಫಾರ್ಮ್ ಖಾಲಿ ಬಿಟ್ಟು, ಎಲ್ಲರೂ ಹೋದ ಮೇಲೆ ತಿರುಗಿ ಬಂದು, ಬಾಗಿಲ ಬಳಿ ನಿಂತು, ಮೆಲ್ಲಗೆ ಹೇಳಿದರು. ಆ ಮಗುವಿಗೆ ಅಪಸ್ಮಾರ. ಅದಾದ ಮೇಲೆ ಇಬ್ಬರು, ಮೂವರು ಹೇಳತೊಡಗಿದರು. ಒಬ್ಬರು ಹೇಳಿದರೆ ಇನ್ನೊಬ್ಬರಿಗೆ ಧೈರ್ಯ ಬರ್ತದೆ.

ನಿಕಾಹ್‌ನಲ್ಲಿ ಸಿಕ್ಕಿದ ಆ ಯುವಕನಿಗೆ ನಾವು ಹೇಳಿದ್ದು, ದ್ವಿತೀಯ ಪಿಯುಸಿ ಪರೀಕ್ಷೆಯನ್ನು ಮತ್ತೆ ಬರೆ ಎಂದು. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಬಂದಿದೆ. "ಇಪ್ಪತ್ತಮೂರಾಯ್ತಲ್ಲ ಉಸ್ತಾದ್" ಎಂದ. ಆದರೇನು? ಕಳೆದ ವಾರ ಫೋನ್ ಮಾಡಿದ್ದ. ಹಳೇ ಕಾಲೇಜಿಗೆ ಹೋಗಿ ಅರ್ಜಿಯ ವಿಷಯ ಕೇಳಿ ಬಂದಿದ್ದಾನಂತೆ. ಅಂಗಡಿಯ ಯಜಮಾನರಿಗೆ ಕಾಯಿಲೆಯ ವಿಷಯವನ್ನೂ ಹೇಳಿದನಂತೆ. ಅವರು ಬೈಯುತ್ತಾರೆ ಎಂದುಕೊಂಡಿದ್ದ. ಅವರು, "ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಊಟಕ್ಕೆ ಹೋಗು, ಗಿರಾಕಿ ಇದ್ದರೂ ಹೋಗು" ಎಂದರಂತೆ. ಇಷ್ಟು ವರ್ಷ ಹೆದರಿದ್ದು ಈ ಒಂದು ಮಾತಿಗಾ ಎಂದು ಅವನೇ ನಕ್ಕ.

ಪೋಷಕರಲ್ಲಿ ನಮ್ಮ ಬಿನ್ನಹ ಒಂದೇ. ಮದ್ರಸದ ಹೊಸ ವರ್ಷದ ಪ್ರವೇಶದ ದಿನ ನಿಮ್ಮ ಮಗುವಿನ ಉಸ್ತಾದರಲ್ಲಿ ಐದು ನಿಮಿಷ ಮಾತಾಡಿ. ಶಾಲೆಯ ಟೀಚರ್‌ಗೂ ಹೇಳಿ. ಒಂಬತ್ತು ವರ್ಷದ ತಂಗಿಯ ತಲೆ ಮೇಲೆ ಆ ಗುಟ್ಟಿನ ಭಾರ ಹೊರಿಸಬೇಡಿ. ನಮ್ಮ ಮಕ್ಕಳಿಗೆ ಅಲ್ಲಾಹನು ಆರೋಗ್ಯವನ್ನೂ, ಓದುವ ಮನಸ್ಸನ್ನೂ, ಹಲಾಲಾದ ದುಡಿಮೆಯನ್ನೂ ಕೊಡಲಿ. ಆಮೀನ್.